ವಿರೂಪಡ್ಡ ಸಾಹೇಬರಿಗೆ ದಬಸ್ಕಾರ

೧ ಜುಲೈ ೧೯೮೫, ಸೋಮವಾರ

ಸಮಸ್ತ ಮಾನವ ಕುಲಕ್ಕೆ ಈ ಮೂಲಕ ಪ್ರಕಟಿಸುವುದೇನೆಂದರೆ, ಇಂದು ಬೆಳಗಿನ ಜಾವ, ಮಾನ್ವಿ ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯ ನಮ್ಮ ಮನೆಯಲ್ಲಿ, ನನ್ನ ಮೂಗಿನ ಎಡಹೊಳ್ಳೆಯು ತಾನಾಗಿಯೇ ತೆರೆದುಕೊಂಡು, ಒಂದೇ ಒಂದು ಉಸಿರನ್ನು ಒಳಗೆ ಬಿಟ್ಟುಕೊಂಡು, ಪುನಃ ಮುಚ್ಚಿಕೊಂಡಿತು. ಬಲಹೊಳ್ಳೆಯು ಈ ಸಂಭ್ರಮದಲ್ಲಿ ಭಾಗವಹಿಸಲಿಲ್ಲ. ಅದು ಹೋದ ದೀಪಾವಳಿಯಿಂದಲೇ ರಜೆಯ ಮೇಲಿದೆ.

ಈ ಐತಿಹಾಸಿಕ ಸುದ್ದಿಯನ್ನು ಹೆಂಡತಿಗೆ ಮುಟ್ಟಿಸೋಣವೆಂದು "ಹುಲಗೆಮ್ಮಾ" ಎಂದು ಕೂಗಿದೆ. ಅಂದರೆ, ಹಾಗೆ ಕೂಗುವ ಉದ್ದೇಶವಿತ್ತು. ಬಾಯಿಂದ ಹೊರಟದ್ದು "ಹುಲಗೆಬ್ಬಾ."

"ತಡೀರಿ, ಬಂದೆ" ಎಂದಳು ಒಳಗಿನಿಂದ. "ಹುಲಗೆಬ್ಬ ರೊಟ್ಟಿ ಬಡಿಯಾಕತ್ತ್ಯಾಳ."

ಮೂಗು ಕಟ್ಟಿದವನ ಬಾಯಲ್ಲಿ 'ಮ' ಎಂಬುದು 'ಬ' ಆಗುತ್ತದೆ, 'ನ' ಎಂಬುದು 'ದ' ಆಗುತ್ತದೆ, 'ಣ' ಎಂಬುದು 'ಡ' ಆಗುತ್ತದೆ. ಇವಕ್ಕೆ ಅನುನಾಸಿಕಗಳೆಂದು ಹೆಸರು. ಹೆಸರೇ ಹೇಳುವಂತೆ ಮೂಗಿನ ಆಸ್ತಿ. ಮೂಗು ಬಾಗಿಲು ಹಾಕಿಕೊಂಡರೆ ಪಾಪ ಅವು ಪಕ್ಕದ ಮನೆಯಲ್ಲಿ ಬಾಡಿಗೆಗೆ ಇರಬೇಕಾಗುತ್ತದೆ. ನಾನು ದಿನಚರಿ ಬರೆಯಲು ಶುರುಮಾಡಿದ್ದಕ್ಕೂ ಇದೇ ಕಾರಣ. ಪುಣ್ಯಕ್ಕೆ ಲೇಖನಿಗೆ ಮೂಗಿಲ್ಲ.

ಇನ್ನು ನನ್ನ ಪರಿಚಯ, ನನಗೇ. ತಾಯಣ್ಣ, ಹುಟ್ಟೂರು ದೇವದುರ್ಗ, ಹುದ್ದೆ, ಮಾನ್ವಿಯ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ತರಗತಿಯ ಮಾಸ್ತರ. ಉಳಿದ ಮಾಸ್ತರರು ಒಂದನೆಯ ತರಗತಿ ಎಂದರೆ ಹಾವು ಕಂಡಂತೆ ಓಡುತ್ತಾರೆ. ನಾನು ಪ್ರತಿವರ್ಷ ಅದನ್ನೇ ಕೇಳಿ ಪಡೆಯುತ್ತೇನೆ. ಅಪ್ಪ ಸಂತೆಯಲ್ಲಿ ಮೂಟೆ ಹೊತ್ತವನು. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವನು ನಾನು. ಒಂದು ಮಗು ಮೊದಲ ಸಲ ಒಂದು ಪದವನ್ನು ಕೂಡಿಸಿ ಓದಿದಾಗ ಅದರ ಮುಖ ಹೇಗಾಗುತ್ತದೆ ಎಂಬುದನ್ನು ನೋಡಲು ಸರಕಾರ ನನಗೆ ಸಂಬಳ ಕೊಡುತ್ತದೆ. ಇದು ಸರಕಾರಕ್ಕೆ ಇನ್ನೂ ಗೊತ್ತಾಗಿಲ್ಲ.

ನನ್ನ ಪದ್ಧತಿ ಸರಳ: ನಾನು ಹೇಳುವುದು, ಅವರು ಕೇಳುವುದು, ನಾನು ಮತ್ತೆ ಹೇಳುವುದು, ಅವರು ಒಕ್ಕೊರಲಿನಿಂದ ಒಪ್ಪಿಸುವುದು. ನನ್ನ ದನಿ ತಹಶೀಲ್ದಾರ ಕಚೇರಿಯವರೆಗೆ ಕೇಳುತ್ತದೆ ಎಂದು ಪ್ರತೀತಿ. ಮೂಗಿನ ಸಣ್ಣ ತೊಂದರೆಯಿಂದ ಪಾಠಕ್ಕೇನೂ ಧಕ್ಕೆಯಾಗಿಲ್ಲ.

೯ ಜುಲೈ, ಮಂಗಳವಾರ

ಧಕ್ಕೆಯಾಗಿದೆ.

ಇಂದು ಶಾಲಾ ಇನ್ಸ್‌ಪೆಕ್ಟರ್ ವಿರೂಪಣ್ಣನವರು ತಪಾಸಣೆಗೆ ಬಂದರು. ಹಿಂದೆ ನಮ್ಮ ಹೆಡ್ ಮಾಸ್ತರ ರಾಮಲಿಂಗಪ್ಪನವರು, ತಮ್ಮ ಬಕ್ಕತಲೆಯನ್ನು ಒರೆಸಿಕೊಳ್ಳುತ್ತ. ಒಂದು ತಿಂಗಳಿಂದ ನಾನೇ ತರಬೇತಿ ಕೊಟ್ಟಿದ್ದ ಮಕ್ಕಳು ಎದ್ದು ನಿಂತು, ಸೂರು ಹಾರುವಂತೆ ಕೂಗಿದರು:

"ವಿರೂಪಡ್ಡ ಸಾಹೇಬರಿಗೆ ದಬಸ್ಕಾರ!"

ಸಾಹೇಬರು ಹೆಡ್ ಮಾಸ್ತರರ ಕಡೆ ತಿರುಗಿದರು. "ಏನಂದ್ರು?"

"ಸ್ವಾಗತ ಮಾಡ್ಯಾರ್ರೀ."

ಸಾಹೇಬರು ಗೋಡೆಯ ಮೇಲಿನ ಮನೆಯ ಚಿತ್ರಕ್ಕೆ ಕೋಲು ತೋರಿಸಿದರು. "ಇದೇನು ಹೇಳ್ರಿ?"

"ಬದೆ!"

"ಬದಿ? ಯಾವ ಬದಿ? ಇದಕ್ಕ ನಿಮ್ಮ ಮನ್ಯಾಗ ಏನಂತಾರ?"

"ಮನಿ!"

"ಮತ್ತ ಬದೆ ಅಂದ್ರ?"

ಮುಂದಿನ ಸಾಲಿನಿಂದ ಎರಡು ಜಡೆಯ ಹುಡುಗಿ ಎದ್ದಳು. ಇಷ್ಟು ದೊಡ್ಡ ಸಾಹೇಬರಿಗೆ ಇಷ್ಟೂ ತಿಳಿಯದಲ್ಲ ಎಂಬ ಕನಿಕರ ಅವಳ ಮುಖದಲ್ಲಿ ಇತ್ತು. "ಮನ್ಯಾಗ ಮನಿ ರೀ, ಸಾಲ್ಯಾಗ ಬದೆ ರೀ. ಮನ್ಯಾಗಿನ ಮಾತು ಬ್ಯಾರೆ, ಬುಕ್ಕಿನ ಮಾತು ಬ್ಯಾರೆ."

"ಓಹೋ. ನಿನ್ನ ಹೆಸರೇನವ್ವ?"

"ಮನ್ಯಾಗೇನ್ರಿ, ಸಾಲ್ಯಾಗೇನ್ರಿ?"

"ಎರಡೂ ಹೇಳು."

"ಮನ್ಯಾಗ ಮೂಕಮ್ಮ. ಸಾಲ್ಯಾಗ ಬೂಕಬ್ಬ."

ಸಾಹೇಬರು ಕರವಸ್ತ್ರದಿಂದ ಬಾಯಿ ಒತ್ತಿಕೊಂಡು ಕಿಟಕಿಯ ಹೊರಗೆ ಬಹಳ ಹೊತ್ತು ನೋಡಿದರು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ, ಒಂದು ಎಮ್ಮೆ ಬಿಟ್ಟರೆ. ಸಮಾಧಾನ ಹೇಳೋಣವೆಂದು ನಾನು "ನಮ್ಮ ಮಕ್ಕಳು" ಎಂದು ಆರಂಭಿಸಿದೆ. "ದಬ್ಬ ಬಕ್ಕಳು" ಎಂದು ಹೊರಬಂತು. ರಾಮಲಿಂಗಪ್ಪನವರು ಥಟ್ಟನೆ ತಮ್ಮ ತಲೆ ಮುಟ್ಟಿಕೊಂಡರು.

ವರಾಂಡದಲ್ಲಿ ನಿಂತು ಸಾಹೇಬರು ತೀರ್ಪು ಕೊಟ್ಟರು. "ತಾಯಣ್ಣೋರೆ, ನಿಮ್ಮ ಮೂಗಿನ ಬ್ಯಾನಿ ಹುಡುಗ್ರ ನಾಲಿಗಿಗೆ ಹತ್ಯದ. ಸಿಟ್ಟಿಲ್ಲ ನನಗ. ಆದ್ರ ಮೊದಲ್ನೇ ಅಕ್ಷರ ಸೊಟ್ಟ ಬಿದ್ರ ಮುಂದಿಂದೆಲ್ಲ ಸೊಟ್ಟ. ದಸರಾ ಸೂಟಿ ಮುಗಿದ ಮ್ಯಾಲ ಮತ್ತ ಬರ್ತೀನಿ. ಅಷ್ಟ್ರಾಗ ಈ ಹುಡುಗ್ರು ಮ ಅಂದ್ರ ಮ ಅನಬೇಕು. ಇಲ್ಲಂದ್ರ ರಾಯಚೂರಾಗ ಪಠ್ಯಪುಸ್ತಕದ ಗೋದಾಮಿಗೆ ಒಬ್ಬರು ಬೇಕಾಗ್ಯಾರ. ಅಲ್ಲಿ ಮಾತಾಡೋ ಕೆಲಸಿಲ್ಲ."

ಗೋದಾಮು! ಗೋಡೆಯಿಂದ ಗೋಡೆಗೆ ಧೂಳು, ಮತ್ತು ಒಂದೂ ಮಗುವಿಲ್ಲ.

ರಾತ್ರಿ ಊಟ ಬೇಡವೆಂದೆ. ಹುಲಗೆಮ್ಮ ಪುಂಡಿಪಲ್ಯ ಬಡಿಸಿ, "ಸಿಟ್ಟು ಮೂಗಿನ ಮ್ಯಾಲಿರ್ಲಿ, ಹೊಟ್ಟಿ ಮ್ಯಾಲ ಬ್ಯಾಡ. ಸೋಮವಾರ ರಾಯಚೂರಿಗೆ ಹೋಗೂನು" ಎಂದಳು.

೧೫ ಜುಲೈ, ಸೋಮವಾರ

ರಾಯಚೂರು. ಸ್ಟೇಷನ್ನಿನ ಹತ್ತಿರ ಕಿವಿ ಮೂಗು ಗಂಟಲಿನ ಡಾಕ್ಟರ್ ಬುರ್ಹಾನುದ್ದೀನ್ ಸಾಹೇಬರು. ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು, ನನ್ನ ಹೊಳ್ಳೆಯೊಳಗೆ ಇಣುಕಿ, "ವಾಹ್!" ಎಂದರು. ನನಗೆ ಸ್ವಲ್ಪ ಹೆಮ್ಮೆಯಾಯಿತು.

"ಮಾಸ್ಟರ್ ಸಾಬ್, ಮೂಗಿನ್ಯಾಗ ದ್ರಾಕ್ಷಿ ತ್ವಾಟ ಹಾಕೀರಲ್ಲ. ಗೊಂಚಲಾ ಗೊಂಚಲು ದುರ್ಮಾಂಸ. ಇದರ ಹಿಂದ ಮುಖದ ಎಲುಬಿನಾಗ ಖಾಲಿ ಖೋಲಿಗಳು ಇರ್ತಾವ, ಸೈನಸ್ ಅಂತಾರ. ಬಾಗಿಲು ಬಂದ್ ಆಗಿ ಖೋಲಿ ತುಂಬ ಕೀವು ನಿಂತದ. ಆಪರೇಷನ್ ಆಗಬೇಕು."

ನಾನು ಬಾಗಿಲ ಕಡೆ ಸರಿಯುವುದನ್ನು ಹುಲಗೆಮ್ಮ ನೋಡಿ, ನನ್ನ ಪರವಾಗಿ ಕೇಳಿದಳು: "ಯಾಕ ಬೆಳೀತ್ರೀ ಅದು?"

ಡಾಕ್ಟರು ನನ್ನ ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಹೈದರಾಬಾದಿನಿಂದ ತರಿಸಿದ ಪುಟ್ಟ ಸೀಸೆಗಳಿಂದ ಒಂದೊಂದು ಹನಿ ಬಿಟ್ಟು, ಪ್ರತಿ ಹನಿಯ ಮೇಲೂ ಸೂಜಿಯಿಂದ ಚುಚ್ಚಿದರು. ಮನೆಯ ಧೂಳು, ಹತ್ತಿಯ ಧೂಳು, ಜಿರಲೆ, ನಾನಾ ಗಿಡಗಳ ಹೂವಿನ ಪುಡಿ. "ಸುಮ್ಮ ಕೂಡ್ರಿ" ಎಂದು ಒಳಗೆ ಹೋಗಿ ಚಹಾ ಕುಡಿದು ಬಂದರು. ಅಷ್ಟರಲ್ಲಿ ಹತ್ತಿಯೂ ಜಿರಲೆಯೂ ನಿರಪರಾಧಿಗಳೆಂದು ಬಿಡುಗಡೆಯಾಗಿದ್ದವು. ಮನೆಯ ಧೂಳು ಕಡಲೆಕಾಳಿನಷ್ಟು ಉಬ್ಬಿತ್ತು. ಕೊನೆಯ ಗುರುತಿನ ಜಾಗದಲ್ಲಿ ಒಂದು ಬೋರೆಹಣ್ಣೇ ಎದ್ದು ಕೂತಿತ್ತು.

"ಸಿಕ್ಕಿಬಿದ್ದ ಕಳ್ಳ. ಕಾಂಗ್ರೆಸ್ ಕಸ" ಎಂದರು ಡಾಕ್ಟರು.

ಬಸ್ ನಿಲ್ದಾಣದಲ್ಲಿ, ಕಾಲುವೆಯ ದಂಡೆಯಲ್ಲಿ, ಶಾಲೆಯ ಹಿಂದೆ, ಎಲ್ಲೆಂದರಲ್ಲಿ ಸೊಂಟದೆತ್ತರ ಬೆಳೆದು ಬಿಳಿ ಹೂವಿನ ಚುಕ್ಕೆ ಚುಕ್ಕೆ ಬಿಡುವ ಆ ದರಿದ್ರ ಗಿಡ!

"ಹಂಗಾರ ಆ ಹೂವು ವಿಷ ಏನ್ರಿ?" ಹುಲಗೆಮ್ಮ ಕೇಳಿದಳು.

"ಇಲ್ರಿ ಬಾಯಿ, ತಪ್ಪು ಇವರ ಪಹರೆದಾರರದು. ರಕ್ತದಾಗ ಪ್ರತಿಕಾಯ ಅಂತ ಇರ್ತಾವ, ಪಹರೆ ಕಾಯೋರು. ಕಳ್ಳ ಬಂದ್ರ ಸೀಟಿ ಊದಬೇಕು. ಇವರವು ಐ.ಜಿ.ಇ. ಅಂತ ಒಂದು ಜಾತಿ, ಭಾಳ ಹುಷಾರು. ಬೀಗರು ಬಂದ್ರೂ ಸೀಟಿ, ಹೂವಿನ ಪುಡಿ ಬಂದ್ರೂ ಸೀಟಿ. ಸೀಟಿ ಊದಿದ ಕೂಡ್ಲೆ ಮೂಗು ಬಾತು ಬಾಗಿಲು ಬಂದ್."

"ಆಪರೇಷನ್ ಮಾಡಿದ್ರ ಪೂರಾ ವಾಸಿ ಆಗ್ತದಲ್ರೀ?"

"ಗೊಂಚಲು ಕೀಳ್ತೀನಿ, ಖೋಲಿ ತೊಳೀತೀನಿ. ಪಹರೆದಾರರನ್ನ ಡಿಸ್ಮಿಸ್ ಮಾಡೋ ಅಧಿಕಾರ ನನಗಿಲ್ಲ." ನನ್ನ ರಕ್ತವನ್ನು ಒಂದು ಸೀಸೆಗೆ ತುಂಬಿ, ಪಹರೆದಾರರ ತಲೆ ಎಣಿಸಲು ಹೈದರಾಬಾದಿಗೆ ಕಳಿಸಿದರು. ಹುಟ್ಟಿದಾಗಿನಿಂದ ಹೈದರಾಬಾದ್ ನೋಡಬೇಕೆಂದಿದ್ದೆ. ನನ್ನ ರಕ್ತವಾದರೂ ನೋಡಿಬರಲಿ.

೧೭ ಜುಲೈ, ಬುಧವಾರ

ರಜೆಗಾಗಿ ಡಾಕ್ಟರ ಚೀಟಿಯನ್ನು ಹೆಡ್ ಮಾಸ್ತರರಿಗೆ ಕೊಟ್ಟೆ. ಅವಸರದಲ್ಲಿ ಡಾಕ್ಟರು 'ಕಸ' ಎಂಬ ಪದವನ್ನು ಬಿಟ್ಟುಬಿಟ್ಟಿದ್ದರು. ರಾಮಲಿಂಗಪ್ಪನವರು ಓದಿ, ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ತಾಯಣ್ಣೋರೆ, ಕಾಂಗ್ರೆಸ್ ನಿಮಗ ಆಗಿಬರಂಗಿಲ್ಲ ಅಂತ ಬರೆಸಿಕೊಂಡು ಬಂದೀರಿ. ಸರಕಾರಿ ನೌಕರರು ಇದ್ದೀರಿ. ನಮಗ ಜನತಾನೂ ಆಗಿಬರಬೇಕು, ಕಾಂಗ್ರೆಸ್ಸೂ ಆಗಿಬರಬೇಕು, ನಾಳೆ ಯಾರ್ ಬರ್ತಾರೋ ಅವರೂ ಆಗಿಬರಬೇಕು."

ಗಾಬರಿಯಿಂದ ನಾನು ಕೂಗಿದೆ: "ಕಸ ರೀ! ಕಸ!"

ದುರದೃಷ್ಟವಶಾತ್ ಈ ಪದದಲ್ಲಿ ಅನುನಾಸಿಕವಿಲ್ಲ. ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಹೊರಬಂತು.

"ಅಯ್ಯಯ್ಯ, ಮೆಲ್ಲಕ! ದೊಡ್ಡ ಪಾರ್ಟಿಗೆ ಕಸ ಅಂತೀರೇನು?"

ಕೊನೆಗೆ ಅವರ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದು ಗಿಡ ತೋರಿಸಬೇಕಾಯಿತು. ತೋರಿಸುವಾಗ ಒಂಬತ್ತೋ ಹತ್ತೋ ಸೀನಿದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. "ಚಂದ ಹೂ ಬಿಡ್ತದಲ್ಲ" ಎಂದರು.

೨೭ ಜುಲೈ, ಶನಿವಾರ

ವಿಶೇಷವೇನಿಲ್ಲ. ಸೀನು, ಸೀನು, ಸೀನು. ಅಲ್ಪವಿರಾಮಗಳನ್ನು ಗಮನಿಸುವುದು. ನಾನು ಉಸಿರಾಡಿದ್ದು ಅಲ್ಲಿ ಮಾತ್ರ.

೫ ಆಗಸ್ಟ್, ಸೋಮವಾರ

ಹೈದರಾಬಾದಿನಿಂದ ವರದಿ ಬಂದಿದೆ. ನನ್ನ ಪಹರೆದಾರರು ಒಂದು ಪಟ್ಟಣಕ್ಕೆ ಸಾಕಾಗುವಷ್ಟಿದ್ದಾರಂತೆ. ಇಂಥ ರಕ್ತದವರಿಗೆ ಗೊಂಚಲು ಕಿತ್ತರೂ ಕೆಲವು ವರ್ಷಕ್ಕೆ ಮತ್ತೆ ಬರಬಹುದು ಎಂದು ಡಾಕ್ಟರು ಜೊತೆಗಿನ ಕಾಗದದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಹಾಗಾದರೆ ಯಾಕೆ ಕೊಯ್ಯಿಸಿಕೊಳ್ಳಬೇಕು? ಗೋದಾಮಿಗೇ ಹೋಗಿಬಿಡುತ್ತೇನೆ. ಇಂದು ತರಗತಿಯಲ್ಲಿ 'ನವಿಲು' ಎಂದು ಹೇಳಿಕೊಡಬೇಕಿತ್ತು. ಬಾಯಿ ತೆರೆದು, ಮುಚ್ಚಿದೆ. ಮಕ್ಕಳು ಕಾಯುತ್ತ ಕೂತಿದ್ದರು. ಲೆಕ್ಕ ಕೊಟ್ಟು ಕೂರಿಸಿದೆ.

ಹುಲಗೆಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಮದುವಿಗಿಂತ ಮೊದ್ಲ ನಾ ಕೂಲಿ ಕಳಿ ತೆಗಿಯಾಕ ಹೋಗ್ತಿದ್ದೆ. ಕಿತ್ತ ಹೊಲದಾಗ ಮತ್ತ ಕಳಿ ಬರ್ತದ. ಬರ್ತದ ಅಂತ ಯಾರರ ಕೀಳೋದು ಬಿಟ್ಟಾರೇನು?"

ಡಾಕ್ಟರಿಗೆ 'ಆಗಲಿ' ಎಂದು ಒಂದು ಕಾಗದ ಬರೆದೆ. ಬಾಯಲ್ಲಿ ವಾದ ಮಾಡೋಣವೆಂದರೆ ಅದರ ತುಂಬ ಮ ನ.

೨೦ ಆಗಸ್ಟ್, ಮಂಗಳವಾರ. ರಾಯಚೂರು

ಆಯಿತು. ಬದುಕಿದ್ದೇನೆ. ಎರಡೂ ಹೊಳ್ಳೆಗೆ ಅರಿವೆ ತುರುಕಿದ್ದಾರೆ. ಮರಗಟ್ಟಿಸುವ ಔಷಧ ಹಾಕಿ, ಎಚ್ಚರವಿದ್ದಾಗಲೇ, ತಂತಿಯ ಕುಣಿಕೆ ಬೀಸಿ ಬೀಸಿ ಗೊಂಚಲು ಎಳೆದರು. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ತೆಗೆದಂತೆ. ಡಾಕ್ಟರು ಪ್ರತಿ ಸಲವೂ "ಬಹುತ್ ಖೂಬ್" ಎನ್ನುತ್ತಿದ್ದರು. ನೋವಿನ ಬಗ್ಗೆ ಬರೆಯುವುದಿಲ್ಲ. ಅದಕ್ಕೆ ಪ್ರಚಾರ ಕೊಡಬಾರದು.

೨೨ ಆಗಸ್ಟ್, ಗುರುವಾರ

ಇಂದು ಅರಿವೆ ತೆಗೆದರು. ಸಂತೆಯಲ್ಲಿ ಮೋಡಿಯವನು ಬಾಯಿಂದ ಪಟ್ಟಿ ಎಳೆಯುತ್ತಾನಲ್ಲ, ಹಾಗೆ. ಎಳೆದರು, ಎಳೆದರು, ಇನ್ನೂ ಬರುತ್ತಲೇ ಇತ್ತು. "ಇದರಾಗ ಒಂದು ರುಮಾಲು ಸುತ್ತಬಹುದಲ್ರೀ" ಎಂದಳು ಹುಲಗೆಮ್ಮ.

ಆಮೇಲೆ ಗಾಳಿ ಬಂತು. ಎರಡೂ ಕಡೆಯಿಂದ. ತಣ್ಣಗೆ, ಮಿದುಳಿನವರೆಗೆ. ಅದರ ಜೊತೆ ಒಂದು ವಾಸನೆ: ಫಿನಾಯಿಲ್. ಅತ್ತರೂ ಇಷ್ಟು ಚೆನ್ನಾಗಿರಲಿಕ್ಕಿಲ್ಲ.

ಭಾಷಣಕ್ಕೆ ಬಾಯಿ ತೆರೆದೆ. ಡಾಕ್ಟರು ಬೆರಳೆತ್ತಿದರು. "ಚುಪ್! ಒಳಗ ಗಾಯ ಹಸಿ ಅದ. ಹದಿನೈದು ದಿನ ಮಾತೇ ಬ್ಯಾಡ, ಒಂದು ತಿಂಗಳು ಜೋರಾಗಿ ಮಾತಾಡಂಗಿಲ್ಲ, ಸಿಂಬಳ ಸೀಟಂಗಿಲ್ಲ. ಸೀನು ಬಂದ್ರ ಬಾಯಿ ತೆರೆದು ಸೀನ್ರಿ. ಧೂಳು, ಆ ಕಸ, ಎರಡರಿಂದ ದೂರ ಇರ್ರಿ."

ಮೂಗು ಬಿಡುಗಡೆಯಾದ ದಿನವೇ ಬಾಯಿ ಜೈಲಿಗೆ.

೧ ಸೆಪ್ಟೆಂಬರ್, ರವಿವಾರ. ದೇವದುರ್ಗ

ವಿಶ್ರಾಂತಿಗೆಂದು ಅವ್ವನ ಹತ್ತಿರ ಬಂದಿದ್ದೇನೆ. ಹಿತ್ತಿಲಿಗೆ ಕಾಲಿಟ್ಟವನು ಹಾಗೇ ಹಿಂದೆ ಸರಿದೆ. ಬೇಲಿಯುದ್ದಕ್ಕೂ ಕಾಂಗ್ರೆಸ್ ಕಸ, ಬಿಳಿ ಹೂ ತುಂಬಿಕೊಂಡು. ಊರಿಗೆ ಬಂದಾಗಲೆಲ್ಲ ನನಗೆ ಸೀನು ಜಾಸ್ತಿಯಾಗುತ್ತಿತ್ತು. ಹುಟ್ಟೂರಿನ ಮಮತೆ ಎಂದುಕೊಂಡಿದ್ದೆ.

ಸಣ್ಣಂದಿನಿಂದ ನಾನು ಸೀನಿದಾಗಲೆಲ್ಲ ಅವ್ವ "ನೂರು ವರ್ಷ" ಎಂದು ಹರಸುತ್ತ ಬಂದಿದ್ದಾಳೆ. ಆ ಲೆಕ್ಕದಲ್ಲಿ ನಾನು ಈ ಭೂಮಿಯ ಕೊನೆಯ ಮನುಷ್ಯನಾಗಿರುತ್ತೇನೆ.

ಹುಲಗೆಮ್ಮ ವಿಷಯ ತಿಳಿಸಿದ್ದೇ, ತಿಮ್ಮವ್ವ, ಅಂದರೆ ನನ್ನ ತಾಯಿ, ಕೈಗೆ ಅರಿವೆ ಸುತ್ತಿಕೊಂಡು ಬೇಲಿಗೆ ನುಗ್ಗಿದಳು. "ನನ್ನ ಮಗನ ಮೂಗಿಗೆ ಬರ್ತೀಯೇನಲೇ ಭಾಡ್ಯಾ" ಎಂದು ಒಂದೊಂದು ಗಿಡಕ್ಕೂ ಬೈದು ಬೇರುಸಹಿತ ಕಿತ್ತಳು. ನಾನು ಒಳಗೆ ಕೂತು ಕೇಳಿದೆ. ಮಾತಾಡುವಂತಿರಲಿಲ್ಲವಾದ್ದರಿಂದ ಬೇರೆ ಕೆಲಸವಿರಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕೂತು ಅವ್ವ ಅಪ್ಪನ ಸುದ್ದಿ ತೆಗೆದಳು. "ನೀ ಒಂದನೇತ್ತ ಇದ್ದಾಗ ನಿಮ್ಮಪ್ಪ ಸಂತ್ಯಾಗಿಂದ ಮೂಟಿ ಹೊತ್ಕೊಂಡು ಸುತ್ತು ಹಾಕಿ ಸಾಲಿ ಮುಂದ ಬರ್ತಿದ್ದ. ಕಿಡಿಕ್ಯಾಗ ನಿಂತು ನೀ ಓದೂದು ಕೇಳ್ತಿದ್ದ. ಮೂಟಿ ಇಳಿಸ್ತಿದ್ದಿಲ್ಲ. ಇಳಿಸಿದ್ರ ಮತ್ತ ಎತ್ತಾಕ ಇನ್ನೊಬ್ಬರು ಬೇಕು."

ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದೆ: 'ಇಷ್ಟು ದಿನ ಯಾಕ ಹೇಳಲಿಲ್ಲ?' ಹುಲಗೆಮ್ಮ ಕೂಡಿಸಿ ಕೂಡಿಸಿ ಓದಿ ಹೇಳಿದಳು.

"ನೀ ಯಾವಾಗ ಬಾಯಿ ಮುಚ್ಚಿದ್ದಿ ಹೇಳಾಕ?" ಎಂದಳು ಅವ್ವ.

ನಾಳೆ ಇನ್ನೇನಾದರೂ ಹೇಳುತ್ತಾಳೇನೋ. ಇನ್ನೆರಡು ದಿನ ಇದ್ದು ಹೋಗೋಣ.

೧೧ ಸೆಪ್ಟೆಂಬರ್, ಬುಧವಾರ

ಶಾಲೆಗೆ ಹಾಜರ್. ಮೆಲುದನಿಯಲ್ಲಿ, ಆದರೆ ಶುದ್ಧ ಕನ್ನಡದಲ್ಲಿ ಹಾಜರಿ ಕೂಗಿದೆ. "ಮೂಕಮ್ಮ."

ಎರಡು ಜಡೆಯ ಹುಡುಗಿ ಹಿಂದೆ ತಿರುಗಿ, ಯಾರಪ್ಪ ಈ ಮೂಕಮ್ಮ ಎಂದು ಹುಡುಕುತ್ತಿದ್ದಳು.

"ನೀನೇ ಅಲ್ಲೇನವ್ವ?"

"ಅದು ಮನ್ಯಾಗಿನ ಹೆಸರು ರೀ. ಸಾಲ್ಯಾಗ ಯಾಕ ಕರೀತೀರಿ?" ನಾಚಿ ಸೆರಗಿಲ್ಲದಿದ್ದರೂ ಸೆರಗು ಎಳೆದುಕೊಂಡಂತೆ ಮಾಡಿದಳು.

ನನಗೆ ನಗು ಬಂತು. ಗಾಯ ನೋಯಬಹುದೆಂದು ಹೆದರಿ ಮೂಗಿನ ಪಕ್ಕಕ್ಕೆ ಬೆರಳು ಒತ್ತಿಕೊಂಡು ಮೆಲ್ಲಗೆ "ಮ್..." ಎಂದೆ. ಬೆರಳು ಜುಮ್ಮೆಂದಿತು. ಅದನ್ನು ನೋಡಿ ಇಡೀ ತರಗತಿ ಮೂಗಿಗೆ ಬೆರಳಿಟ್ಟು "ಮ್" ಎಂದಿತು. "ಸರ್ರೀ, ದುಂಬಿ ಕುಂತದ ಮೂಗ್ನ್ಯಾಗ!" ಎಂದು ಒಂದು ಮೂಲೆಯಿಂದ ಕೂಗು. 'ಬ' ಎಂದು ನೋಡಿದರು. ದುಂಬಿ ಇಲ್ಲ. 'ನ' ಎಂದರು. ಇದೆ! 'ದ'? ಇಲ್ಲ. ಮುಂದಿನ ಗಂಟೆಯೆಲ್ಲ ದುಂಬಿ ಯಾವ ಅಕ್ಷರದಲ್ಲಿದೆ, ಯಾವುದರಲ್ಲಿಲ್ಲ ಎಂದು ಜಗಳ. ಒಬ್ಬರ ಮೂಗಿಗೆ ಇನ್ನೊಬ್ಬರು ಬೆರಳಿಟ್ಟು ಪರೀಕ್ಷೆ.

ನಾನು ಸುಮ್ಮನೆ ಕೂತಿದ್ದೆ. ಪಾಠವೇ ಆಗಲಿಲ್ಲ. ನಾಚಿಕೆಗೇಡು. ನಾಳೆ ಹೇಗಾದರೂ ಪಾಠ ಮಾಡಬೇಕು.

೨೩ ಸೆಪ್ಟೆಂಬರ್, ಸೋಮವಾರ

ಇಂದೂ ಪಾಠವಾಗಲಿಲ್ಲ. ಮೂಕಮ್ಮ (ಈಗ ಎರಡೂ ಕಡೆ ಮೂಕಮ್ಮ, ಎರಡು ದಿನ ಯೋಚಿಸಿ ಒಪ್ಪಿದಳು) ಸಾಲು ಸಾಲಿಗೆ ಹೋಗಿ, ಎಲ್ಲರ ಮೂಗಿಗೂ ಬೆರಳಿಟ್ಟು ತಪಾಸಣೆ ಮಾಡುತ್ತಾಳೆ. ತಪ್ಪಿದವರು ಇನ್ನೊಬ್ಬರಿಂದ ಕೇಳಿ ಸರಿಮಾಡಿಕೊಳ್ಳುತ್ತಾರೆ. ನಾನು ಮಧ್ಯೆ ಮಧ್ಯೆ ಕಿವಿಗೊಟ್ಟು ನಡೆಯುತ್ತೇನೆ, ಅಷ್ಟೇ. ಸಂಬಳ ತ್ರಾಸಿಲ್ಲದೆ ಬರುತ್ತಿದೆ. ಶಾಲೆಯ ಹಿಂದಿನ ಕಸವನ್ನೂ ಪಾಲಕರು ಬಂದು ಕೈಗೆ ಅರಿವೆ ಕಟ್ಟಿಕೊಂಡು ಕಿತ್ತು ಹಾಕಿದರು.

ರಾಮಲಿಂಗಪ್ಪನವರು ಬಾಗಿಲಲ್ಲಿ ನಿಂತು, "ತಾಯಣ್ಣೋರೆ, ನೀವು ಒಳಗ ಅದೀರೋ ಇಲ್ಲೋ? ನಿಮ್ಮ ದನಿನೇ ಇಲ್ಲ, ಬರೇ ಹುಡುಗ್ರದ್ದದ" ಎಂದರು.

ನಿಜವೇ. ಜೋರಾಗಿ ಮಾತಾಡಬಹುದು ಎಂದು ಡಾಕ್ಟರು ಹೋದ ಶುಕ್ರವಾರವೇ ಅಪ್ಪಣೆ ಕೊಟ್ಟಿದ್ದಾರೆ. ಮಕ್ಕಳ ಗದ್ದಲದಲ್ಲಿ ಶುರುಮಾಡಲು ಪುರುಸೊತ್ತಾಗಿಲ್ಲ.

೬ ನವೆಂಬರ್, ಬುಧವಾರ

ಕ್ರಮವಾಗಿ ಬರೆಯುತ್ತೇನೆ.

ಇಂದು ವಿರೂಪಣ್ಣ ಸಾಹೇಬರು ಬರುವ ದಿನ. ಬೆಳಿಗ್ಗೆ ಮೂಗು ಗಂಗೆಯಂತೆ ಹರಿ... ಛೇ, ಅದು ತಪ್ಪು ಹೋಲಿಕೆ, ಗಾಳಿಯಂತೆ ಹಗುರ. ಎರಡೂ ಹೊಳ್ಳೆ ಕರ್ತವ್ಯದ ಮೇಲೆ. "ನಮಸ್ಕಾರ" ಎಂದು ಕನ್ನಡಿಯ ಮುಂದೆ ಹಲವು ಸಲ ಅಂದುಕೊಂಡು ಹೊರಟೆ.

ತರಗತಿಯ ಮೇಜಿನ ಮೇಲೆ ಒಂದು ಹೂಗುಚ್ಛವಿತ್ತು. ಹೆಡ್ ಮಾಸ್ತರರ ಸ್ವಂತ ಕಲ್ಪನೆ. ನಡುವೆ ನಾಲ್ಕು ಚೆಂಡುಹೂ, ಸುತ್ತಲೂ ಮುತ್ತು ಚೆಲ್ಲಿದಂತೆ ಬಿಳಿ ಬಿಳಿ ಚುಕ್ಕೆ ಹೂವು.

"ಕಾಲುವಿ ದಂಡಿಮ್ಯಾಗ ಪುಕ್ಕಟೆ ಸಿಕ್ತು. ಹೆಂಗದ?" ಎಂದರು ರಾಮಲಿಂಗಪ್ಪನವರು.

ನೋಡಿದೆ. ನೋಡುತ್ತಿದ್ದಂತೆಯೇ ಒಳಗೆ ಪಹರೆದಾರರು ಎಲ್ಲರೂ ಒಟ್ಟಿಗೆ ಸೀಟಿ ಊದಿದರು. ಬಾಯಿ ತೆರೆದು ಸೀನಿದೆ, ಮತ್ತೆ ಸೀನಿದೆ. ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ನಾನು ಮಾತಾಡದೆ ಗುಚ್ಛದ ಕಡೆ ಕೈ ತೋರಿಸಿದೆ. ನಾನು ಮೆಚ್ಚಿಕೊಂಡೆನೆಂದು ತಿಳಿದು ಹೆಡ್ ಮಾಸ್ತರರು ಅದನ್ನು ನನ್ನ ಮೂಗಿನ ಹತ್ತಿರಕ್ಕೆ ಸರಿಸಿದರು. ಎಡಹೊಳ್ಳೆ ಮುಚ್ಚಿತು. ಬಲಹೊಳ್ಳೆ ಮುಚ್ಚಿತು. ಗೋದಾಮಿನ ಬಾಗಿಲು ತೆರೆಯಿತು.

ಮಕ್ಕಳು ಎದ್ದು ನಿಂತರು. ಪ್ರತಿಯೊಬ್ಬರ ಬೆರಳೂ ಮೂಗಿನ ಪಕ್ಕ.

"ವಿರೂಪಣ್ಣ ಸಾಹೇಬರಿಗೆ ನಮಸ್ಕಾರ!"

ಸಾಹೇಬರು ನಿಂತಲ್ಲೇ ನಿಂತರು. ಕೋಲಿನಿಂದ ಚಿತ್ರ ತೋರಿಸಿದರು. "ಮನೆ!" "ನವಿಲು!" ಸಾಹೇಬರು ಕಪ್ಪುಹಲಗೆಯ ಮೇಲೆ ತಾವೇ 'ಮರ' ಎಂದು ಬರೆದರು, ಪಕ್ಕದಲ್ಲಿ 'ಬರ' ಎಂದು ಬರೆದರು. ಎರಡೂ ಬೇರೆ ಬೇರೆಯಾಗಿ, ಸ್ವಚ್ಛವಾಗಿ ಬಂದವು.

"ಬೆರಳು ಯಾಕ್ರೋ ಮೂಗಿಗೆ?"

"ದುಂಬಿ ನೋಡಾಕ ರೀ! ನೀವೂ ಇಡ್ರಿ."

ಸಾಹೇಬರು ಸುತ್ತ ನೋಡಿ, ಮೂಗಿಗೆ ಬೆರಳಿಟ್ಟು "ಮ್" ಎಂದರು. ಹುಬ್ಬು ಮೇಲೇರಿತು. "ಇದನ್ನ ಯಾರು ಕಲಿಸಿದ್ರು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರೂ ಎಲ್ಲರ ಕಡೆಗೂ ಬೆರಳು ತೋರಿಸಿದರು. ಸಾಹೇಬರು ನನ್ನ ಕಡೆ ತಿರುಗಿದರು. "ಹೇಳ್ರಿ ತಾಯಣ್ಣೋರೆ."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಸತ್ಯ ಹೇಳಿಬಿಡೋಣವೆಂದು, "ನಾನು ಏನೂ ಮಾಡಿಲ್ಲ ಸಾಹೇಬ್ರೆ" ಎನ್ನಲು ಹೋದೆ. ಹೊರಬಂದದ್ದು: "ದಾದು ಏದೂ ಬಾಡಿಲ್ಲ ಸಾಹೇಬ್ರೆ."

ರಾಮಲಿಂಗಪ್ಪನವರು ಕಣ್ಣು ಮುಚ್ಚಿದರು. ಮೂಕಮ್ಮ ಎದ್ದು ನನ್ನ ಹತ್ತಿರ ಬಂದು, ಬಗ್ಗುವಂತೆ ಸನ್ನೆ ಮಾಡಿದಳು. ಬಗ್ಗಿದೆ. ನನ್ನ ಮೂಗಿನ ಪಕ್ಕ ಬೆರಳಿಟ್ಟು, ಕಿವಿಗೊಟ್ಟು, ವೈದ್ಯಳಂತೆ ತಲೆಯಾಡಿಸಿದಳು.

"ಬಾಡಿಲ್ಲ ಅಲ್ರೀ ಸರ್, ಮಾಡಿಲ್ಲ. ಮೂಗಿಲೆ ಅನ್ರಿ." ಆಮೇಲೆ ಸಾಹೇಬರಿಗೆ, ತಾಯಿ ಮಗನ ಪರವಾಗಿ ಹೇಳುವಂತೆ: "ಅವರಿಗೆ ಬರ್ತದ್ರಿ. ಈಗ ದುಂಬಿ ಹೊರಗ ಹೋಗ್ಯದ. ಆ ಹೂವಿಂದ."

"ಯಾವ ಹೂವು?"

"ಕಾಂಗ್ರೆಸ್ ಕಸ!" ಎಂದು ಇಡೀ ತರಗತಿ ಕೂಗಿತು, ಸೂರು ಹಾರುವಂತೆ. ಹೆಡ್ ಮಾಸ್ತರರು ಬಾಗಿಲು ಮುಚ್ಚಲು ಓಡಿದರು.

ಸಾಹೇಬರು ತಾವೇ ಗುಚ್ಛವನ್ನು ಎತ್ತಿ ಅವರ ಕೈಗಿತ್ತರು. "ರಾಮಲಿಂಗಪ್ಪೋರೆ, ಇದನ್ನ ದೂರ ಒಯ್ರಿ. ನೀವೂ ಇದರ ಜೊತಿಗೆ ಜರಾ ದೂರ ಹೋಗ್ರಿ." ಆಮೇಲೆ ಒಂದು ಬೆಂಚಿನ ಮೇಲೆ ಮಕ್ಕಳ ನಡುವೆ ಕೂತುಕೊಂಡರು. ಅವರ ಮೊಣಕಾಲು ಎದೆಗೆ ತಾಗುತ್ತಿತ್ತು.

"ತಾಯಣ್ಣೋರೆ, ನಾ ಹೇಳಿದ್ದು ಹುಡುಗ್ರು ಮ ಅನಬೇಕು ಅಂತ. ನೀವು ಅನಬೇಕು ಅಂತ ಹೇಳಿಲ್ಲ. ಗೋದಾಮಿಗೆ ಬ್ಯಾರೆ ಯಾರನ್ನರ ನೋಡ್ತೀನಿ. ನೀವು ಇಲ್ಲೇ ಇರ್ರಿ."

ಏನಾದರೂ ಹೇಳಬೇಕಿತ್ತು. ದೊಡ್ಡ ಭಾಷಣಕ್ಕೆ ತಕ್ಕ ಸಂದರ್ಭ. ಸೀನಿದೆ.

"ನೂರು ವರ್ಷ" ಎಂದರು ಸಾಹೇಬರು.

೯ ನವೆಂಬರ್, ಶನಿವಾರ

ಡಾಕ್ಟರ್ ಬುರ್ಹಾನುದ್ದೀನ್ ಸಾಹೇಬರು ಕನ್ನಡಿ ಕಟ್ಟಿಕೊಂಡು ಇಣುಕಿದರು. ಬಾವು ಇಳಿದಿದೆ, ಹನಿ ಔಷಧ ಹಾಕಿಕೊಳ್ಳಬೇಕು. ಬಲಗಡೆ ಒಂದು ಸಣ್ಣ ದ್ರಾಕ್ಷಿ ಮೊಳೆಯುವ ಯೋಚನೆಯಲ್ಲಿದೆಯಂತೆ. "ಬಂದ್ರ ಮತ್ತ ಕೀಳೂನು, ಫಿಕರ್ ಮಾಡಬ್ಯಾಡ್ರಿ" ಎಂದರು. "ಆಗ್ಲಿ ಬಿಡ್ರಿ" ಎಂದೆ. ಬರುವ ದಾರಿಯಲ್ಲಿ ಕವಿತಾಳದ ಕಡೆಯ ಒಬ್ಬ ಮುದುಕ ಬಸ್ಸಿನಲ್ಲಿ ಪಕ್ಕಕ್ಕೆ ಕೂತು ತನ್ನ ಮೂರು ಜನ ಅಳಿಯಂದಿರ ಕಥೆ ಹೇಳಿದ. ಎರಡನೆಯ ಅಳಿಯ ಬಹಳ ಮಜದ ಮನುಷ್ಯ. ಮಾನ್ವಿ ಬಂದದ್ದೇ ತಿಳಿಯಲಿಲ್ಲ.

ಸೋಮವಾರದಿಂದ ಒತ್ತಕ್ಷರದ ಪದಗಳು. ಒಂದು ತೊಂದರೆಯಿದೆ. ಒಂದು ಕೈ ಮೂಗಿಗೂ ಇನ್ನೊಂದು ಕೈ ಚಿತ್ರಕ್ಕೂ ಇಟ್ಟು ಕಲಿತು ಕಲಿತು, ಗೋಡೆಯ ನವಿಲಿಗೆ ಈಗ ಬಾಲ ಉಳಿದಿಲ್ಲ.

ಈ ದಿನಚರಿಯನ್ನು ನನ್ನ ಹೊರತು ಯಾರೂ ಓದತಕ್ಕದ್ದಲ್ಲ. ಆದರೂ ಯಾರಾದರೂ ಇಲ್ಲಿಯವರೆಗೆ ಕದ್ದು ಓದಿಬಿಟ್ಟಿದ್ದರೆ, ತಪ್ಪಿಗೆ ದಂಡವಾಗಿ ಒಂದು ಸಣ್ಣ ಕೆಲಸ ಮಾಡಿಕೊಡಿ. ನಿಮ್ಮ ಮನೆಯಲ್ಲಿ ನವಿಲಿರುವ ಹಳೆಯ ಕ್ಯಾಲೆಂಡರ್ ಇದ್ದರೆ, ಒಂದನೆಯ ತರಗತಿ, ಸರಕಾರಿ ಪ್ರಾಥಮಿಕ ಶಾಲೆ, ಮಾನ್ವಿ, ಈ ವಿಳಾಸಕ್ಕೆ ಕಳಿಸಿ. ಧೂಳು ಮಾತ್ರ ನಿಮ್ಮ ಅಂಗಳದಲ್ಲೇ ಕೊಡವಿ ಕಳಿಸಿ.